ಗೊಮ್ಮಟನ ಭಾರ: ಇಳಿಜಾರಿನಿಂದ ಜಾಕ್‌ವರೆಗೆ

ಶ್ರವಣಬೆಳಗೊಳದ ಗೊಮ್ಮಟನು ವಿಂಧ್ಯಗಿರಿಯ ನೆತ್ತಿಯ ಬಂಡೆಯಲ್ಲಿಯೇ ರೂಪುಗೊಂಡವನು. ಅಲ್ಲಿ ವಿಗ್ರಹವನ್ನು ಸಾಗಿಸುವ ಪ್ರಶ್ನೆಯೇ ಏಳಲಿಲ್ಲ. ಕಾರ್ಕಳದ ಸಂಗತಿ ಬೇರೆ. 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ, ಸುಮಾರು 42 ಅಡಿ ಎತ್ತರದ ಏಕಶಿಲಾಮೂರ್ತಿಯು ಬೇರೆಡೆಯಿಂದ ಬೆಟ್ಟವನ್ನೇರಿ ಬಂದುದು. ಅದರ ತೂಕ ಸುಮಾರು 80 ಟನ್ ಎಂದು ಅಂದಾಜು.

ಚಂದ್ರಮ ಕವಿಯ ‘ಕಾರ್ಕಳ ಗೊಮ್ಮಟೇಶ್ವರ ಚರಿತೆ’ 20 ಚಕ್ರಗಳ ಬಂಡಿಯನ್ನು ಹೇಳುತ್ತದೆ. 19ನೆಯ ಶತಮಾನದಲ್ಲಿ ವಾಲ್‌ಹೌಸ್ ದಾಖಲಿಸಿದ ಐತಿಹ್ಯದಲ್ಲಿ ಅದು 20 ಕಬ್ಬಿಣದ ಬಂಡಿಗಳಾಗಿದೆ. ಭಕ್ತಸಮೂಹವು ಅವನ್ನು ಇಳಿಜಾರು ದಾರಿಯಲ್ಲಿ ಮೇಲಕ್ಕೆಳೆಯಿತೆನ್ನುತ್ತದೆ. ಕಾವ್ಯವು ಪ್ರತಿಷ್ಠೆಗಿಂತ ಸುಮಾರು ಎರಡು ಶತಮಾನ ಈಚಿನದು. ಸಂಖ್ಯೆ ಏನೇ ಇರಲಿ, ಇಳಿಜಾರಿನ ಮಾತು ಯಂತ್ರಶಾಸ್ತ್ರಕ್ಕೆ ಸಮ್ಮತವಾದುದು: ದಾರಿ ನೀಳವಾದಷ್ಟೂ ಎಳೆಯಬೇಕಾದ ಬಲ ಕಡಿಮೆ.

ಇಂದಿನ ಹೈಡ್ರಾಲಿಕ್ ಜಾಕ್ ಪಾಲಿಸುವುದೂ ಇದೇ ನಿಯಮವನ್ನು. ದ್ರವದ ಮೇಲಿನ ಒತ್ತಡ ಎಲ್ಲೆಡೆ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಪಾಸ್ಕಲ್ ತೋರಿದನು. 1795ರಲ್ಲಿ ಬ್ರಾಮಾ ಅದನ್ನು ಯಂತ್ರವಾಗಿಸಿ ಪೇಟೆಂಟ್ ಪಡೆದನು. ಕಿರಿಯ ಕೊಂತ ಬಹುದೂರ ಚಲಿಸಿದರೆ, ಅದರ ನೂರರಷ್ಟು ವಿಸ್ತಾರದ ಹಿರಿಯ ಕೊಂತ ನೂರರಲ್ಲೊಂದು ದೂರವನ್ನಷ್ಟೇ ಏರುತ್ತದೆ, ಆದರೆ ನೂರ್ಮಡಿ ಭಾರ ಹೊರುತ್ತದೆ.

ರೆಂಜಾಳ ಗೋಪಾಲಕೃಷ್ಣ ಶೆಣೈ ಕಡೆದ 39 ಅಡಿಯ ಬಾಹುಬಲಿ 1973ರಲ್ಲಿ ಅದೇ ಕಾರ್ಕಳದಿಂದ ಬಹುಚಕ್ರಗಳ ಟ್ರಾಲಿಯೇರಿ ಧರ್ಮಸ್ಥಳಕ್ಕೆ ಸಾಗಿತು, 1982ರಲ್ಲಿ ಪ್ರತಿಷ್ಠೆಗೊಂಡಿತು. ಅದಕ್ಕೆ ಛಾಯಾಚಿತ್ರಗಳ ಸಾಕ್ಷ್ಯವಿದೆ. ಭೈರರಸನ ಕಾಲದ ಶ್ರಮಿಕರಿಗಿರುವುದು ಕಾವ್ಯವೂ ಐತಿಹ್ಯವೂ ಮಾತ್ರ. ಆ ಬಂಡಿಯ ವರ್ಣನೆಯನ್ನು ಬರಿಯ ಅತಿಶಯೋಕ್ತಿಯೆಂದು ತಳ್ಳಿಹಾಕಿದರೆ ತಂತ್ರಜ್ಞಾನದ ಚರಿತ್ರೆಯ ಒಂದು ಪುಟವೇ ನಷ್ಟವಾಗುತ್ತದೆ.