ಜೀಡಿಮೆಟ್ಲಾದಲ್ಲೊಂದು ಸೀಟು

ಹೈದರಾಬಾದಿನ ಉತ್ತರದಂಚಿನ ಜೀಡಿಮೆಟ್ಲಾದಲ್ಲಿ ಶಾಲೆಗಳಿಗೆ ಬರವಿಲ್ಲ. ಔಷಧ, ರಾಸಾಯನಿಕ, ಎಂಜಿನಿಯರಿಂಗ್ ಕಾರ್ಖಾನೆಗಳ ಸುತ್ತ ಬೆಳೆದ ಶಾಪೂರ್‌ನಗರ, ಚಿಂತಲ್, ಸೂರಾರಂ, ಜಗದ್ಗಿರಿಗುಟ್ಟದ ಗಲ್ಲಿಗಳಲ್ಲಿ ಕಿರಾಣಿ ಅಂಗಡಿಯಂತೆಯೇ ಶಾಲೆಯ ಬೋರ್ಡೂ ಕಣ್ಣಿಗೆ ಬೀಳುತ್ತದೆ. ಸರ್ಕಾರಿ ಶಾಲೆ ಇದೆ. ಅಲ್ಲಿ ಫೀಸಿಲ್ಲ, ಮಧ್ಯಾಹ್ನದ ಊಟವಿದೆ. ಹಾಗಿದ್ದೂ ಜೂನ್ ಹತ್ತಿರವಾದಂತೆ ಕಾರ್ಮಿಕರ ಮನೆಗಳಲ್ಲಿ ಒಂದನೇ ತರಗತಿಯ ಸೀಟಿನದೇ ಚಿಂತೆ. ಯಾವ ಶಾಲೆ, ಎಷ್ಟು ಫೀಸು, ಎಷ್ಟು ಕಂತು, ಯಾರ ಹತ್ತಿರ ಕೈಗಡ.

ಶಾಲೆ ಇದ್ದೂ ಪೈಪೋಟಿ ಯಾಕೆ? ತಾಯ್ತಂದೆಯರ ಮೋಹ ಎಂದುಬಿಡುವುದು ಸುಲಭ. ಆದರೆ ಈ ಸೀಮೆಯ ನೂರು ವರ್ಷಗಳ ಚರಿತ್ರೆ ಬೇರೊಂದು ಮಾತು ಹೇಳುತ್ತದೆ. ಇಲ್ಲಿ ಜನ ಬೆಂಚಿಗಾಗಿ ಎಂದೂ ಕಾದಾಡಿದವರಲ್ಲ. ಕಚೇರಿಯ ಬಾಗಿಲು ಯಾವ ಭಾಷೆಗೆ ತೆರೆಯುತ್ತದೋ ಆ ಭಾಷೆ ಕಲಿಸುವ ಬೆಂಚಿಗಾಗಿ ಕಾದಾಡಿದರು. ಆ ಭಾಷೆ ಯಾವುದೆಂದು ತೀರ್ಮಾನಿಸಿದವರು ತಾಯ್ತಂದೆಯರಲ್ಲ.

ನಿಜಾಮರ ಆಳ್ವಿಕೆಯಲ್ಲಿ ಅದು ಉರ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನವನ್ನೂ ಕಾನೂನನ್ನೂ ಕಲಿಸಲು ಹೊರಟದ್ದು ದೊಡ್ಡ ಸಾಹಸವೇ. ಆದರೆ ರಾಜ್ಯದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡದ ಮಗು ಓದಿನಲ್ಲಿ ಮೇಲೇರಬೇಕಾದರೆ ಮನೆಮಾತನ್ನು ಹಿಂದೆ ಬಿಟ್ಟು ಹೋಗಬೇಕಿತ್ತು.

ಈ ಕಟ್ಟಿಗೆ ಜನ ಕಂಡುಕೊಂಡ ಮೊದಲ ದಾರಿ ಖಾಸಗಿ ಶಾಲೆ. ಗುಲಬರ್ಗಾದ ನೂತನ ವಿದ್ಯಾಲಯ 1907ರಲ್ಲಿ ಹುಟ್ಟಿತು. ಅಂಥ ದೊಡ್ಡ ಸಂಸ್ಥೆಗಳ ಆಚೆಗೆ ಊರೂರಿನ ಗುಡಿ, ಮಠ, ಪಡಸಾಲೆಗಳಲ್ಲಿ ಐಗಳ ಮಠಗಳಂಥ ಚಿಕ್ಕ ಶಾಲೆಗಳಿದ್ದವು. 1924ರ ಸುಮಾರಿಗೆ ಸರ್ಕಾರ ಖಾನಗಿ ಶಾಲೆಗಳ ನಿಯಮ ತಂದು, ಅನುಮತಿಯಿಲ್ಲದೆ ಶಾಲೆ ನಡೆಸುವಂತಿಲ್ಲ ಎಂದಿತು. ಖಾನಗಿ ಶಾಲೆಗಳ ಸಂಖ್ಯೆ ಥಟ್ಟನೆ ಕುಸಿಯಿತು.

ಅದಕ್ಕೆ ಒಂದು ವರ್ಷ ಮೊದಲು, 1923ರಲ್ಲಿ, ಅದೇ ರಾಜಧಾನಿಯ ಬೇಗಂಪೇಟೆಯಲ್ಲಿ ಜಾಗೀರದಾರರ ಗಂಡುಮಕ್ಕಳಿಗೆಂದೇ ಒಂದು ಕಾಲೇಜು ತೆರೆದಿತ್ತು. ಮಾದರಿ ಇಂಗ್ಲೆಂಡಿನ ಈಟನ್. ಪ್ರಜೆಗಳ ಮಕ್ಕಳಿಗೆ ಉರ್ದುವಿನ ಏಣಿ ತೋರಿಸಿದ ಸಂಸ್ಥಾನ ತನ್ನ ಕುಲೀನರ ಮಕ್ಕಳಿಗೆ ಇಂಗ್ಲಿಷ್ ಮಾದರಿಯ ಶಾಲೆಯನ್ನೇ ಆರಿಸಿಕೊಂಡಿತು. ಅಲ್ಲಿ ಸೀಟು ಹುಟ್ಟಿನಿಂದಲೇ ಸಿಗುತ್ತಿತ್ತು. 1949ರಲ್ಲಿ ಜಾಗೀರುಗಳು ರದ್ದಾದವು. 1951ರಲ್ಲಿ ಅದು ಹೈದರಾಬಾದ್ ಪಬ್ಲಿಕ್ ಸ್ಕೂಲ್ ಆಯಿತು. ಜಾಗೀರು ಹೋಯಿತು, ಆ ಬಗೆಯ ಶಾಲೆಯ ಮೇಲಿನ ಆಸೆ ಉಳಿಯಿತು. ಮುಂದೆ ಅದೇ ಆಸೆ ಜೀಡಿಮೆಟ್ಲಾದ ಗಲ್ಲಿಗಳವರೆಗೂ ಇಳಿದು ಬಂತು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಕನ್ನಡ ಜಿಲ್ಲೆಗಳು ಮೈಸೂರಿಗೆ, ತೆಲುಗಿನವು ಆಂಧ್ರಪ್ರದೇಶಕ್ಕೆ, ಮರಾಠಿಯವು ಮುಂಬಯಿಗೆ. ನಕ್ಷೆ ಬದಲಾದರೂ ಹೊಟ್ಟೆಪಾಡಿನ ದಾರಿ ಬದಲಾಗಲಿಲ್ಲ. ಬೀದರಿನವರಿಗೆ ಬೆಂಗಳೂರು ದೂರ, ಹೈದರಾಬಾದು ಸುಮಾರು 140 ಕಿಲೋಮೀಟರು. 1960ರ ದಶಕದಲ್ಲಿ ಬಾಲಾನಗರ, ಚಿಂತಲ್ ಕಡೆ ಐಡಿಪಿಎಲ್, ಎಚ್‌ಎಂಟಿ ಬಂದವು. ಮುಂದಿನ ದಶಕದಿಂದ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶ ಬೆಳೆಯಿತು. ತೆಲಂಗಾಣದ ಹಳ್ಳಿಗಳಿಂದ, ಗಡಿಯಾಚೆಯ ಕನ್ನಡ ಜಿಲ್ಲೆಗಳಿಂದ, ಆಮೇಲೆ ಒಡಿಶಾ, ಬಿಹಾರಗಳಿಂದ ಜನ ಬಂದರು. ಕಾಚಿಗುಡದ ನೃಪತುಂಗ ಶಾಲೆ ಹೈದರಾಬಾದಿನ ಕನ್ನಡಿಗರದೇ. ಆದರೆ ಅದಿರುವುದು ಊರಿನ ನಡುವೆ. ಪಾಳಿಯಲ್ಲಿ ದುಡಿಯುವ ತಂದೆತಾಯಿ ಆರು ವರ್ಷದ ಕೂಸನ್ನು ದಿನಾ ಅಷ್ಟು ದೂರ ಕಳಿಸುವುದು ಸುಲಭವಲ್ಲ.

ಪಾಳಿಯ ಕೆಲಸವೇ ಇಲ್ಲಿನ ತಾಯ್ತಂದೆಯರಿಗೆ ಒಂದು ಪಾಠ ಕಲಿಸಿತ್ತು. ಯಂತ್ರದ ಮುಂದೆ ತೆಲುಗು, ಹಿಂದಿ, ಕನ್ನಡ ಯಾವುದಾದರೂ ನಡೆಯುತ್ತದೆ. ಮೇಲಿನ ಕೋಣೆಯ ಕಾಗದವೆಲ್ಲ ಇಂಗ್ಲಿಷ್. ಆಡಳಿತ ಭಾಷೆ ತೆಲುಗೋ ಕನ್ನಡವೋ ಎಂದು ಸರ್ಕಾರಗಳು ಘೋಷಿಸಿದ ಮೇಲೂ ಒಳ್ಳೆಯ ಸಂಬಳದ ಭಾಷೆ ಬದಲಾಗಲಿಲ್ಲ. ಆದ್ದರಿಂದ ಎರಡು ಮೂರು ಕೋಣೆಗಳ, ತಿಂಗಳ ಫೀಸಿನ ಪುಟ್ಟ ಇಂಗ್ಲಿಷ್ ಮೀಡಿಯಂ ಶಾಲೆಗಳು ಹುಟ್ಟಿಕೊಂಡವು. 2000ದಲ್ಲಿ ಹೈದರಾಬಾದಿನ ಹಳೇ ಊರಿನ ಗಲ್ಲಿಗಳಲ್ಲಿ ಇಂಥವನ್ನು ಕಂಡು ಬೆರಗಾದ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಟೂಲಿ ಮುಂದೆ ಬಡವರ ಖಾಸಗಿ ಶಾಲೆಗಳ ಬಗ್ಗೆ ಪುಸ್ತಕವನ್ನೇ ಬರೆದರು. ಅವರ ಮೆಚ್ಚುಗೆಯ ಇನ್ನೊಂದು ಮಗ್ಗುಲು ಕೂಲಿಯ ಮನೆಯಲ್ಲಿ ಕಾಣುತ್ತದೆ. ಕೆಲಸ ತಪ್ಪಿದ ತಿಂಗಳು ಫೀಸೂ ತಪ್ಪುತ್ತದೆ. ಬಾಕಿ ತೀರುವವರೆಗೆ ಟಿ.ಸಿ. ಸಿಗುವುದಿಲ್ಲ. ಸೀಟು ಪಡೆಯುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಈ ಭಾರವನ್ನು ಹೊರುವ ಮಾತಾಡಿತು. ಖಾಸಗಿ ಶಾಲೆಗಳು ಒಂದನೇ ತರಗತಿಯ ಶೇ. 25ರಷ್ಟು ಸೀಟುಗಳನ್ನು ನೆರೆಹೊರೆಯ ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು, ಖರ್ಚನ್ನು ಸರ್ಕಾರ ತುಂಬಬೇಕು. ಕಾಯ್ದೆ ದೇಶಕ್ಕೆಲ್ಲ ಒಂದೇ, ಅದರ ಫಲ ಮಾತ್ರ ಗಡಿಗೊಂದು ಬಗೆ. 2014ರಲ್ಲಿ ಹುಟ್ಟಿದ ತೆಲಂಗಾಣದಲ್ಲಿ ಮೊದಲ ಹತ್ತು ವರ್ಷ ಈ ಶೇ. 25 ಜಾರಿಯಾಗಲಿಲ್ಲ. ಕರ್ನಾಟಕದಲ್ಲಿ 2012-13ರಿಂದ ಜಾರಿಯಾಯಿತು. ಅಲ್ಲಿ ಸೀಟು ಲಾಟರಿಯ ವಿಷಯವಾಯಿತು. ಆದಾಯ ಪತ್ರ, ಜಾತಿ ಪತ್ರ, ವಿಳಾಸದ ದಾಖಲೆಗಾಗಿ ತಾಯ್ತಂದೆಯರು ತಾಲ್ಲೂಕು ಕಚೇರಿಗೆ ಅಲೆದರು. ಮಗುವಿನ ಭವಿಷ್ಯವನ್ನು ಮನೆಯ ವಾರ್ಡು ನಿರ್ಧರಿಸತೊಡಗಿತು. ಹೀಗಾಗಿ ಒಂದೇ ಮನೆತನದ ಇಬ್ಬರಲ್ಲಿ ಬೀದರಿನಲ್ಲಿ ಉಳಿದ ಅಣ್ಣನ ಮಗಳಿಗೆ ಲಾಟರಿಯ ಅವಕಾಶ, ಜೀಡಿಮೆಟ್ಲಾಕ್ಕೆ ದುಡಿಯಲು ಬಂದ ತಮ್ಮನ ಮಗಳಿಗೆ ಅದೂ ಇಲ್ಲ.

ಅಣ್ಣನ ಮಗಳ ಅವಕಾಶವೂ ಬಹಳ ದಿನ ಬಾಳಲಿಲ್ಲ. 2019ರ ಜನವರಿಯಲ್ಲಿ ಕರ್ನಾಟಕ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಸರ್ಕಾರಿ ಶಾಲೆ ಖಾಲಿಯಾಗುತ್ತಿರುವಾಗ ಖಾಸಗಿಯವರಿಗೆ ಹಣ ಕಟ್ಟುವುದೇಕೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಹೈಕೋರ್ಟೂ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಲಕ್ಷದ ಮೇಲಿದ್ದ ಸೀಟುಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಗೆ ಇಳಿದವು.

ಇದಕ್ಕೂ ಮೊದಲೇ, 2014ರ ಮೇ 6ರಂದು, ಸುಪ್ರೀಂ ಕೋರ್ಟಿನ ಒಂದೇ ಸಂವಿಧಾನ ಪೀಠ ಎರಡು ತೀರ್ಪು ಕೊಟ್ಟಿತ್ತು. ಒಂದು ಕರ್ನಾಟಕದ್ದೇ: 1ರಿಂದ 4ನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂಬ 1994ರ ಆದೇಶ ನಿಲ್ಲದು, ಮಾಧ್ಯಮದ ಆಯ್ಕೆ ತಾಯ್ತಂದೆಯರದು. ಇನ್ನೊಂದು: ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು. ಆಯ್ಕೆಯ ಹಕ್ಕು ಎಲ್ಲರಿಗೂ ಸಿಕ್ಕಿತು, ಬಡವರು ಆಯ್ದುಕೊಳ್ಳಬಹುದಾದ ಸೀಟುಗಳು ಅದೇ ದಿನ ಕಡಿಮೆಯಾದವು.

ಇಷ್ಟು ಬಡಿದಾಡಿ ಪಡೆದ ಸೀಟಿನಿಂದ ಸಿಗುವುದೇನು? 2008ರಲ್ಲಿ ಅವಿಭಜಿತ ಆಂಧ್ರಪ್ರದೇಶದ 5 ಜಿಲ್ಲೆಗಳ 180 ಹಳ್ಳಿಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಲಾಟರಿ ಎತ್ತಿ ಗೆದ್ದ ಮಕ್ಕಳ ಖಾಸಗಿ ಶಾಲೆಯ ಫೀಸು ಭರಿಸಲಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಾಲ್ಕು ವರ್ಷದ ಬಳಿಕ ಅಳೆದು ನೋಡಿದರೆ ತೆಲುಗಿನಲ್ಲೂ ಗಣಿತದಲ್ಲೂ ಗೆದ್ದವರಿಗೂ ಸೋತವರಿಗೂ ವ್ಯತ್ಯಾಸವಿರಲಿಲ್ಲ. ಇಂಗ್ಲಿಷಿನಲ್ಲೂ ಖಚಿತವಾಗಿ ಹೇಳಬಹುದಾದ ಅಂತರ ಸಿಗಲಿಲ್ಲ. ಹಿಂದಿಯಲ್ಲಿ ಮಾತ್ರ ಗೆದ್ದವರು ಮುಂದಿದ್ದರು. ಖಾಸಗಿ ಶಾಲೆಗಳು ಇದನ್ನು ಸರ್ಕಾರಿ ಶಾಲೆಯ ಮೂರನೇ ಒಂದು ಭಾಗದ ಖರ್ಚಿನಲ್ಲಿ ಮಾಡಿದ್ದವು ಎಂಬುದೂ ನಿಜ.

ಸರ್ಕಾರಗಳೂ ಕೊನೆಗೆ ತಾಯ್ತಂದೆಯರ ದಾರಿಗೇ ಬಂದವು. ಕರ್ನಾಟಕ 2019-20ರಲ್ಲಿ, ಸಾಹಿತಿಗಳ ವಿರೋಧದ ನಡುವೆ, ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ತೆಲಂಗಾಣ 2022-23ರಿಂದ ತನ್ನ ಶಾಲೆಗಳಲ್ಲಿ ಇಂಗ್ಲಿಷ್ ತಂದಿತು. ಪುಸ್ತಕದ ಒಂದು ಪುಟ ತೆಲುಗು, ಎದುರು ಪುಟ ಇಂಗ್ಲಿಷ್. ಜೀಡಿಮೆಟ್ಲಾದಲ್ಲಿ ಓದುವ ಬೀದರಿನ ಮಗುವಿಗೆ ಆ ಎರಡೂ ಪುಟಗಳಲ್ಲಿ ಮನೆಯ ಮಾತಿಲ್ಲ. ನೂರು ವರ್ಷದ ಹಿಂದೆ ಗುಲಬರ್ಗಾದ ಮಗುವಿಗೂ ಹೀಗೇ ಆಗಿತ್ತು. ಆಗ ಅದರ ಹಿರಿಯರು ತಮ್ಮದೇ ಶಾಲೆ ಕಟ್ಟಲು ಹೊರಟರು. ಇಂದು ಅದರ ಅಪ್ಪ ರಾತ್ರಿಪಾಳಿ ಮುಗಿಸಿ, ಮುಂದಿನ ಕಂತಿನ ಲೆಕ್ಕ ಹಾಕುತ್ತ ಮನೆಗೆ ನಡೆಯುತ್ತಾನೆ.