ಮದ್ರಾಸಿನ ಸಾಲಿಸಿಟರುಗಳಿಂದ ಇಂದಿನ ಕಾರ್ಪೊರೇಟ್ ಕಾನೂನು ಸಂಸ್ಥೆಗಳವರೆಗೆ

ನೂರಾರು ನ್ಯಾಯವಾದಿಗಳನ್ನೂ ಹಲವು ನಗರಗಳಲ್ಲಿ ಕಚೇರಿಗಳನ್ನೂ ಹೊಂದಿದ ಬೃಹತ್ ಕಾನೂನು ಸಂಸ್ಥೆಗಳು ಇಂದು ಚೆನ್ನೈನಲ್ಲಿಯೂ ಕಾರ್ಯನಿರತವಾಗಿವೆ. ಆದರೆ ಇವುಗಳಲ್ಲಿ ಹೆಚ್ಚಿನವು ಮುಂಬಯಿ, ಕೋಲ್ಕತ್ತ, ದೆಹಲಿಗಳಲ್ಲಿ ಹುಟ್ಟಿ ಇಲ್ಲಿಗೆ ಬಂದಂಥವು. 1862ರಲ್ಲಿಯೇ ಉಚ್ಚ ನ್ಯಾಯಾಲಯವನ್ನು ಪಡೆದ ನಗರದಲ್ಲಿ ಹೀಗಾದುದಕ್ಕೆ ಕಾರಣವನ್ನು ವಕೀಲ ವೃತ್ತಿಯ ಇತಿಹಾಸದಲ್ಲಿಯೇ ಹುಡುಕಬೇಕು. ಬಳ್ಳಾರಿ ಜಿಲ್ಲೆಯ ಬಹುಭಾಗ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿದ್ದುದರಿಂದ ಕನ್ನಡಿಗರಿಗೂ ಈ ಇತಿಹಾಸ ಹೊರಗಿನದಲ್ಲ. ಮಂಗಳೂರು, ಉಡುಪಿಗಳ ಮೇಲ್ಮನವಿಗಳು ಅಂದು ಈ ನ್ಯಾಯಾಲಯಕ್ಕೇ ಬರುತ್ತಿದ್ದವು.

ಎರಡು ಬಗೆಯ ವೃತ್ತಿ

ಬ್ರಿಟಿಷ್ ಪದ್ಧತಿಯಲ್ಲಿ ವೃತ್ತಿಯು ಎರಡಾಗಿ ಒಡೆದಿತ್ತು. ಕಕ್ಷಿದಾರನನ್ನು ಕಂಡು ದಾಖಲೆಪತ್ರಗಳನ್ನು ಸಿದ್ಧಪಡಿಸುವವನು ಸಾಲಿಸಿಟರ್ ಅಥವಾ ಅಟಾರ್ನಿ. ನ್ಯಾಯಾಲಯದಲ್ಲಿ ವಾದಿಸುವವನು ಬ್ಯಾರಿಸ್ಟರ್. ಬೊಂಬಾಯಿ, ಕಲ್ಕತ್ತಗಳ ಉಚ್ಚ ನ್ಯಾಯಾಲಯಗಳ ಮೂಲ ವ್ಯಾಜ್ಯ ವಿಭಾಗದಲ್ಲಿ ಈ ವಿಭಜನೆ ಬಹುಕಾಲ ಬಿಗಿಯಾಗಿತ್ತು. ಅಲ್ಲಿ ಅಟಾರ್ನಿಯಿಲ್ಲದೆ ಮೊಕದ್ದಮೆ ನಡೆಯುತ್ತಿರಲಿಲ್ಲವಾದ್ದರಿಂದ ಅಟಾರ್ನಿ ಸಂಸ್ಥೆಗಳು ತಲೆಮಾರುಗಳ ಕಾಲ ಬೇರೂರಿದವು. ಬೊಂಬಾಯಿಯ ಕ್ರಾಫರ್ಡ್ ಬೇಯ್ಲಿ 1830ರಷ್ಟು ಹಳೆಯದು. ಕಲ್ಕತ್ತದ ಖೈತಾನ್ ಸಂಸ್ಥೆ 1911ರಲ್ಲಿ, ಬೊಂಬಾಯಿಯ ಅಮರಚಂದ್ ಮಂಗಲದಾಸ್ 1917ರಲ್ಲಿ ಆರಂಭವಾದವು.

ಮದ್ರಾಸಿನ ಹಾದಿ ಭಿನ್ನವಾಗಿತ್ತು. ಇಲ್ಲಿ 1866ರ ನಿಯಮದಿಂದ ದೇಶೀಯ ವಕೀಲರಿಗೂ ಮೂಲ ವ್ಯಾಜ್ಯ ವಿಭಾಗದಲ್ಲಿ ಹಾಜರಾಗುವ ಅವಕಾಶ ದೊರೆಯಿತು. ಅಟಾರ್ನಿಗಳು ಇದನ್ನು ಪ್ರಶ್ನಿಸಿದರಾದರೂ 1870ರ ದಶಕದಲ್ಲಿ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಹೀಗೆ ಒಬ್ಬ ವಕೀಲನೇ ಪತ್ರವನ್ನೂ ಬರೆದು, ವಾದವನ್ನೂ ಮಂಡಿಸಬಲ್ಲವನಾದ. 1906ರಲ್ಲಿ ಅರ್ಬತ್‌ನಾಟ್ ಬ್ಯಾಂಕು ಕುಸಿದಾಗ ಠೇವಣಿದಾರರ ಪರವಾಗಿ ನಿಂತವರು ವಕೀಲರಾದ ವಿ. ಕೃಷ್ಣಸ್ವಾಮಿ ಅಯ್ಯರ್. ಮರುವರ್ಷ ಇಂಡಿಯನ್ ಬ್ಯಾಂಕಿನ ಸ್ಥಾಪನೆಯಲ್ಲಿಯೂ ಅವರು ಮುಂದಾಳಾಗಿದ್ದರು. ಮದ್ರಾಸಿನ ಕೀರ್ತಿ ವ್ಯಕ್ತಿಗಳಾದ ವಕೀಲರಿಗೆ ಸಂದಿತೇ ಹೊರತು ಸಂಸ್ಥೆಗಳಿಗೆ ಅಷ್ಟಾಗಿ ಸಲ್ಲಲಿಲ್ಲ.

ಇದಕ್ಕೆ ಅಪವಾದಗಳೂ ಇಲ್ಲದಿಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಕಿಂಗ್ ಅಂಡ್ ಪಾರ್ಟ್ರಿಜ್ ಸಂಸ್ಥೆ, ಉಚ್ಚ ನ್ಯಾಯಾಲಯದ ಸಮೀಪದ ಅರ್ಮೇನಿಯನ್ ಬೀದಿಯಲ್ಲಿ ದೀರ್ಘಕಾಲ ಕಚೇರಿ ನಡೆಸಿ, ಬೆಂಗಳೂರಿಗೂ ತನ್ನ ಕಾರ್ಯವನ್ನು ವಿಸ್ತರಿಸಿತು.

ಬೆಳವಣಿಗೆಯ ಕಟ್ಟುಗಳು ಸಡಿಲಗೊಂಡುದು

1961ರ ವಕೀಲರ ಅಧಿನಿಯಮವು ದೇಶಕ್ಕೆಲ್ಲ ಒಂದೇ ವಕೀಲವರ್ಗವನ್ನು ರೂಪಿಸಿತು. 1976ರ ತಿದ್ದುಪಡಿಯ ಮೂಲಕ ಅಟಾರ್ನಿ ಎಂಬ ಪ್ರತ್ಯೇಕ ವರ್ಗವೂ ಕೊನೆಗೊಂಡಿತು. ಆದರೂ ಸಂಸ್ಥೆಗಳು ಹಿಗ್ಗಲು ತಡೆಗಳಿದ್ದವು. 1956ರ ಕಂಪನಿ ಕಾಯಿದೆಯಂತೆ ಪಾಲುದಾರಿಕೆಯೊಂದರಲ್ಲಿ 20ಕ್ಕಿಂತ ಹೆಚ್ಚು ಪಾಲುದಾರರು ಇರುವಂತಿರಲಿಲ್ಲ. ವಕೀಲರು ಜಾಹೀರಾತು ನೀಡುವುದೂ ನಿಷಿದ್ಧವಾಗಿತ್ತು, ಇಂದಿಗೂ ನಿಷಿದ್ಧವೇ. ಜಾಲತಾಣದಲ್ಲಿ ಸೀಮಿತ ವಿವರ ನೀಡಲು ಮಾತ್ರ 2008ರಲ್ಲಿ ಅನುಮತಿ ದೊರೆಯಿತು. ಅದೇ ವರ್ಷ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯ ಕಾಯಿದೆ ಬಂದಿತು. 2013ರ ಕಂಪನಿ ಕಾಯಿದೆ, ವಿಶೇಷ ಅಧಿನಿಯಮಗಳಿಗೆ ಒಳಪಟ್ಟ ವೃತ್ತಿಪರರನ್ನು ಸಂಖ್ಯಾಮಿತಿಯಿಂದ ಹೊರಗಿರಿಸಿತು.

ಈ ನಡುವೆ 1991ರ ಆರ್ಥಿಕ ಉದಾರೀಕರಣವು ಕೆಲಸದ ಸ್ವರೂಪವನ್ನೇ ಬದಲಿಸಿತು. 1990ರ ದಶಕದಲ್ಲಿ ಫೋರ್ಡ್, ಹ್ಯುಂಡೈ ಮೊದಲಾದ ವಿದೇಶೀ ಕಂಪನಿಗಳು ಚೆನ್ನೈನ ಹೊರವಲಯಕ್ಕೆ ಬಂದವು. ಇಂತಹ ಉದ್ಯಮಗಳಿಗೆ ಭೂಮಿ, ತೆರಿಗೆ, ಸಾಲ, ಕಾರ್ಮಿಕ ಕಾನೂನು ಎಲ್ಲವನ್ನೂ ಒಂದೇ ಕಡೆ ನೋಡಬಲ್ಲ ತಂಡ ಬೇಕು. ಅಂತಹ ತಂಡಗಳಿಗೆ ತರುಣರನ್ನು ಒದಗಿಸಿದುದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಎನ್. ಆರ್. ಮಾಧವ ಮೆನನ್ ಅವರು ಬೆಂಗಳೂರಿನಲ್ಲಿ ಕಟ್ಟಿದ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷಗಳ ಶಿಕ್ಷಣ 1988ರಲ್ಲಿ ಆರಂಭವಾಯಿತು. ಕಾನೂನು ಸಂಸ್ಥೆಗಳು ವಿದ್ಯಾರ್ಥಿಗಳನ್ನು ನೇರವಾಗಿ ಕಾಲೇಜಿನಿಂದಲೇ ಆರಿಸಿಕೊಳ್ಳುವ ರೂಢಿ ಬಲಗೊಂಡಿತು. 2015ರಲ್ಲಿ ಅಮರಚಂದ್ ಮಂಗಲದಾಸ್ ಇಬ್ಬರು ಸೋದರರ ನಡುವೆ ಎರಡಾಯಿತು. ಎರಡಕ್ಕೂ ಚೆನ್ನೈನಲ್ಲಿ ಕಚೇರಿಗಳಿವೆ.

ಚೆನ್ನೈನ ತೀರ್ಪು

ವಿದೇಶೀ ಕಾನೂನು ಸಂಸ್ಥೆಗಳ ಪ್ರವೇಶದ ಪ್ರಶ್ನೆ ಈ ನಗರದಲ್ಲಿಯೂ ಕಾವೇರಿತು. ಎ. ಕೆ. ಬಾಲಾಜಿ ಪ್ರಕರಣದಲ್ಲಿ ಮದ್ರಾಸು ಉಚ್ಚ ನ್ಯಾಯಾಲಯ 2012ರ ಫೆಬ್ರವರಿಯಲ್ಲಿ, ವಿದೇಶೀ ವಕೀಲರು ಭಾರತದಲ್ಲಿ ವೃತ್ತಿ ನಡೆಸುವಂತಿಲ್ಲವೆಂದೂ, ತಮ್ಮ ದೇಶದ ಕಾನೂನಿನ ಕುರಿತು ಸಲಹೆ ನೀಡಲು ತಾತ್ಕಾಲಿಕವಾಗಿ ಬಂದುಹೋಗಬಹುದೆಂದೂ ತೀರ್ಪಿತ್ತಿತು. 2018ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಕೆಲವು ಮಾರ್ಪಾಡುಗಳೊಂದಿಗೆ ಇದನ್ನು ಎತ್ತಿಹಿಡಿಯಿತು. 2023ರಲ್ಲಿ ಭಾರತೀಯ ವಕೀಲರ ಪರಿಷತ್ತು, ಪರಸ್ಪರತೆಯ ಆಧಾರದ ಮೇಲೆ ವಿದೇಶೀ ಕಾನೂನಿನ ಸಲಹೆಗೆ ನೋಂದಣಿಯ ನಿಯಮಗಳನ್ನು ರಚಿಸಿತು. 2025ರಲ್ಲಿ ಅವನ್ನು ತಿದ್ದಿತು. ಭಾರತದ ನ್ಯಾಯಾಲಯಗಳಲ್ಲಿ ವಾದಿಸುವ ಹಕ್ಕು ಅವರಿಗೆ ಇಲ್ಲ.

ಹಳೆಯ ವಿಭಜನೆ, ಹೊಸ ರೂಪ

ಕಾನೂನು ಓದಬಯಸುವ ಮಕ್ಕಳಿರುವ ಮನೆಗಳಲ್ಲಿ ಒಂದು ವಿಷಯ ತಿಳಿದಿರುವುದು ಒಳ್ಳೆಯದು. ಹಿರಿಯ ವಕೀಲರು ಕಕ್ಷಿದಾರನಿಂದ ನೇರವಾಗಿ ವಕಾಲತ್ತು ಪಡೆಯುವಂತಿಲ್ಲ. ದೊಡ್ಡ ಮೊಕದ್ದಮೆಗಳಲ್ಲಿ ಕಾನೂನು ಸಂಸ್ಥೆ ಪತ್ರಗಳನ್ನು ಸಿದ್ಧಪಡಿಸುತ್ತದೆ, ಹಿರಿಯ ವಕೀಲರು ವಾದಿಸುತ್ತಾರೆ. ಕಾಯಿದೆಯಲ್ಲಿ ಅಳಿದ ಸಾಲಿಸಿಟರ್–ಬ್ಯಾರಿಸ್ಟರ್ ಭೇದ ರೂಢಿಯಲ್ಲಿ ಹೀಗೆ ಉಳಿದಿದೆ. ಸಂಸ್ಥೆಯಲ್ಲಿ ಆರಂಭದಿಂದಲೇ ನಿಶ್ಚಿತ ಆದಾಯವುಂಟು, ನ್ಯಾಯಾಲಯದಲ್ಲಿ ನಿಂತು ಮಾತನಾಡುವ ಅವಕಾಶ ಕಡಿಮೆ. ಹಿರಿಯರ ಕಚೇರಿಯ ಕಿರಿಯ ವಕೀಲನಿಗೆ ಆದಾಯ ಅಲ್ಪ, ಅನುಭವ ಅಧಿಕ. ಇಬ್ಬರೂ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರೇ. ಸಂಸ್ಥೆ ಎಷ್ಟೇ ದೊಡ್ಡದಾದರೂ, ನ್ಯಾಯಾಲಯದ ಮುಂದೆ ಹೊಣೆ ಹೊರುವವನು ಸಹಿ ಮಾಡಿದ ವಕೀಲನೇ ಆಗಿರುತ್ತಾನೆ.