ಸಂಬಳದ ಚೀಟಿಯೊಳಗಿನ ಜಾಗತಿಕ ನ್ಯಾಯ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಈಗ ಒಂದು ಹೊಸ ಮಾತು ಕೇಳಿಬರ್ತಾ ಇದೆ. ಮಗನೋ ಮಗಳೋ ಹಗಲೆಲ್ಲ ಐರೋಲಿಯ ಆಫೀಸಲ್ಲಿ ದುಡಿದು, ರಾತ್ರಿ ಲ್ಯಾಪ್‌ಟಾಪ್ ತೆರೆದು ಆನ್‌ಲೈನ್ ಎಂ.ಎ. ಓದುತ್ತಾರೆ. ವಿಷಯ ಏನು ಅಂದ್ರೆ 'ಜಾಗತಿಕ ನ್ಯಾಯ'. ಮನೆಯ ಹಿರಿಯರು ಕೇಳುತ್ತಾರೆ: "ಅದನ್ನು ಓದಿ ಏನು ಮಾಡ್ತೀಯಪ್ಪಾ? ಜಗತ್ತಿನ ನ್ಯಾಯ ನಮಗ್ಯಾಕೆ?"

ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರವನ್ನು ನಾನು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಹುಡುಕೋದಿಲ್ಲ. ನಮ್ಮ ಸೆಂಟ್ರಲ್ ಲೈನಿನ ಪಕ್ಕದಲ್ಲೇ ಅದಕ್ಕೆ ಬೇಕಾದಷ್ಟು ಚರಿತ್ರೆ ಇದೆ.

ಮೊದಲು ಕಲ್ಯಾಣ. 1865ರಲ್ಲಿ ಹುಟ್ಟಿದ ಯಮುನಾ ಅಲ್ಲಿನ ಜೋಶಿ ಮನೆತನದ ಹುಡುಗಿ. ಒಂಬತ್ತನೇ ವಯಸ್ಸಿಗೆ ಗೋಪಾಲರಾವ್ ಜೋಶಿ ಎಂಬ ಅಂಚೆ ಗುಮಾಸ್ತರ ಜತೆ ಮದುವೆ. ಮದುವೆಯ ನಂತರದ ಹೆಸರು ಆನಂದಿಬಾಯಿ. ಹದಿನಾಲ್ಕಕ್ಕೆ ತಾಯಿಯಾದಳು, ಮಗು ಹತ್ತೇ ದಿನಕ್ಕೆ ತೀರಿಕೊಂಡಿತು. ಸರಿಯಾದ ವೈದ್ಯಕೀಯ ನೆರವು ಇರಲಿಲ್ಲ. ಡಾಕ್ಟರಾಗಬೇಕು ಅನ್ನೋ ಹಟ ಅಲ್ಲಿಂದ ಹುಟ್ಟಿತು. ಗಂಡ ಅಮೆರಿಕದ ಮಿಷನರಿಯೊಬ್ಬರಿಗೆ ಪತ್ರ ಬರೆದರು. ಮತಾಂತರವಾದರೆ ಸಹಾಯ ಸಿಗಬಹುದು ಅನ್ನುವ ಧಾಟಿಯ ಉತ್ತರ ಬಂತು. ಆ ಪತ್ರವ್ಯವಹಾರ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ನ್ಯೂಜೆರ್ಸಿಯ ಥಿಯೋಡಿಶಿಯಾ ಕಾರ್ಪೆಂಟರ್ ಎಂಬ ಗೃಹಿಣಿ ದಂತವೈದ್ಯರ ಕೋಣೆಯಲ್ಲಿ ಕಾಯುತ್ತಾ ಕೂತಾಗ ಓದಿದರು. ಕಂಡು ಕೇಳರಿಯದ ಹುಡುಗಿಗೆ ಕಾಗದ ಬರೆದರು, ಮುಂದೆ ಮನೆಯಲ್ಲೇ ಜಾಗವನ್ನೂ ಕೊಟ್ಟರು. 1883ರಲ್ಲಿ ಆನಂದಿಬಾಯಿ ಹಡಗು ಹತ್ತಿದರು. 1886ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪದವಿ ಪಡೆದರು. ಮರು ವರ್ಷ ಫೆಬ್ರವರಿಯಲ್ಲಿ, 22 ತುಂಬುವ ಮೊದಲೇ, ಕ್ಷಯದಿಂದ ಪುಣೆಯಲ್ಲಿ ಕೊನೆಯುಸಿರೆಳೆದರು.

ಈ ಕಥೆಯನ್ನು ನಾವು ಸಾಹಸದ ಕಥೆಯಾಗಿ ಹೇಳ್ತೇವೆ. ನಾನು ಬೇರೆ ಪ್ರಶ್ನೆ ಕೇಳ್ತೇನೆ. ಕಾರ್ಪೆಂಟರಮ್ಮ ಅವತ್ತು ಆ ಪತ್ರಿಕೆಯ ಪುಟ ತಿರುವದೇ ಹೋಗಿದ್ದರೆ? ಒಬ್ಬ ಹುಡುಗಿಯ ಓದು ಇನ್ನೊಂದು ಖಂಡದ ಹೆಂಗಸಿನ ಹಲ್ಲುನೋವಿನ ಮೇಲೆ ನಿಂತಿತ್ತು ನೋಡಿ. ಅದಕ್ಕೆ ದಯೆ ಅಂತಾರೆ. ದಯೆ ದೊಡ್ಡದು, ಆದರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನ್ಯಾಯ ಅಂದರೆ ಕೇಳಿ ಪಡೆಯುವ ಹಕ್ಕು. ಜಾಗತಿಕ ನ್ಯಾಯ ಅನ್ನೋ ಇಡೀ ಶಾಸ್ತ್ರದ ನಡುವೆ ಇರೋದು ಇದೇ ಪ್ರಶ್ನೆ: ದೂರದ, ಮುಖ ನೋಡದ ಮನುಷ್ಯನಿಗೆ ನಾವು ಕೊಡೋದು ದಾನವೋ, ತೀರಿಸಬೇಕಾದ ಬಾಕಿಯೋ?

ಈ ವಿಷಯ ಇವತ್ತಿನ ರೂಪ ಪಡೆದದ್ದು 1971ರ ಆಸುಪಾಸಿನಲ್ಲಿ. ಆ ವರ್ಷ ಅಮೆರಿಕದ ಜಾನ್ ರಾಲ್ಸ್ ನ್ಯಾಯಸಿದ್ಧಾಂತದ ದೊಡ್ಡ ಗ್ರಂಥ ಪ್ರಕಟಿಸಿದರು. ನೀವು ಶ್ರೀಮಂತರೋ ಬಡವರೋ, ಯಾವ ಜಾತಿ, ಯಾವ ಮೈಕಟ್ಟು ಅಂತ ನಿಮಗೇ ಗೊತ್ತಿಲ್ಲದಾಗ ಎಂಥ ಸಮಾಜವನ್ನು ಒಪ್ಪುತ್ತೀರಿ ಅಂತ ಅವರು ಕೇಳಿದರು. ಆದರೆ ಅವರ ಲೆಕ್ಕ ಒಂದು ದೇಶದ ಗಡಿಯೊಳಗೆ ನಿಂತಿತು. ಅದೇ ವರ್ಷ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಅದನ್ನು ನೋಡಿ ಪೀಟರ್ ಸಿಂಗರ್ ಎಂಬ ಯುವಕ ನವೆಂಬರ್‌ನಲ್ಲಿ ಒಂದು ಲೇಖನ ಬರೆದರು. ಕಣ್ಣೆದುರಿನ ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೆಸರಾಗುತ್ತೆ ಅಂತ ಸುಮ್ಮನೆ ನಿಲ್ಲುತ್ತೀರಾ? ಇಲ್ಲ. ಹಾಗಾದರೆ ಮಗು ಸಾವಿರಾರು ಮೈಲಿ ದೂರ ಇದ್ದರೆ ಮಾತ್ರ ಯಾಕೆ ಬೇರೆ ನಿಯಮ? ಮುಂದೆ ಥಾಮಸ್ ಪೋಗೆ ಬಂದು ಪ್ರಶ್ನೆಯನ್ನು ಇನ್ನೂ ಹರಿತ ಮಾಡಿದರು: ನಾವು ದಡದಲ್ಲಿ ನಿಂತ ದಾರಿಹೋಕರಷ್ಟೇ ಹೌದಾ, ಅಥವಾ ಆ ಮಗುವನ್ನು ನೀರಿಗೆ ತಳ್ಳಿದ ವ್ಯವಸ್ಥೆಯಿಂದ ಲಾಭ ಪಡೆದವರಾ?

ಪುಸ್ತಕದ ಮಾತು ಇಷ್ಟು ಸಾಕು. ಅದೇ ಹೊತ್ತಿಗೆ ನಮ್ಮ ಮಹಾರಾಷ್ಟ್ರದಲ್ಲಿ ಏನಾಗ್ತಿತ್ತು?

1972-73ರ ಬರ. ಹಿರಿಯರಿಗೆ ನೆನಪಿದೆ. ಅದರಲ್ಲೂ ಜತ್ತ, ಸೊಲ್ಲಾಪುರ ಕಡೆಯ ಕನ್ನಡದ ಮನೆಗಳಲ್ಲಿ ಆ ಬರದ ಮಾತು ಇನ್ನೂ ಬರುತ್ತೆ. 1973ರ ಮೇ ತಿಂಗಳಲ್ಲಿ ರಾಜ್ಯದ ಬರಪರಿಹಾರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ಕಲ್ಲು ಒಡೆಯುತ್ತಾ, ಮಣ್ಣು ಹೊರುತ್ತಾ ಇದ್ದರು. ಸರ್ಕಾರ ಬರ ಅಂತ ಘೋಷಿಸಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಇದು ಸಾಲದು, ಕೆಲಸ ಕೇಳುವುದು ಹಕ್ಕಾಗಬೇಕು ಅಂತ ಬಹಳ ಮೊದಲೇ ಪಟ್ಟು ಹಿಡಿದವರು ವಿ. ಎಸ್. ಪಾಗೆ, ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ಗಾಂಧಿವಾದಿ. 1965ರಲ್ಲೇ ಸಾಂಗ್ಲಿ ಜಿಲ್ಲೆಯ ತಾಸಗಾಂವ್ ತಾಲೂಕಿನಲ್ಲಿ ಅವರ ಯೋಜನೆಯ ಪ್ರಯೋಗ ನಡೆದಿತ್ತು. 1977ರಲ್ಲಿ ಅದು ಉದ್ಯೋಗ ಖಾತರಿ ಕಾಯ್ದೆಯಾಯಿತು, 1979ರ ಜನವರಿ 26ರಿಂದ ಜಾರಿಗೆ ಬಂತು. ಕೆಲಸ ಕೇಳಿದವನಿಗೆ 15 ದಿನದೊಳಗೆ ಕೊಡಬೇಕು, ಕೊಡದಿದ್ದರೆ ಭತ್ಯೆ. ಜನರ ಬಾಯಲ್ಲಿ ಇದು 'ರೋಜಗಾರ ಹಮಿ'. 2005ರ ರಾಷ್ಟ್ರೀಯ ಕಾಯ್ದೆಗೂ ಇದೇ ಮೇಲ್ಪಂಕ್ತಿ.

ದುಡ್ಡು ಎಲ್ಲಿಂದ? ಇಲ್ಲಿ ನಿಮ್ಮ ಪೇ ಸ್ಲಿಪ್ ತೆಗೆಯಿರಿ. 'ಪ್ರೊಫೆಷನಲ್ ಟ್ಯಾಕ್ಸ್' ಅಂತ ಒಂದು ಸಾಲು ಇರುತ್ತೆ. ಹೆಚ್ಚಿನವರಿಗೆ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300, ವರ್ಷಕ್ಕೆ 2500. ಮಹಾರಾಷ್ಟ್ರದಲ್ಲಿ ಈ ವೃತ್ತಿ ತೆರಿಗೆ 1975ರಲ್ಲಿ ಬಂದದ್ದೇ ಉದ್ಯೋಗ ಖಾತರಿಗೆ ಹಣ ಹೊಂದಿಸಲಿಕ್ಕೆ. ಅಂದರೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ಲಿನಲ್ಲಿ ನೇತಾಡಿಕೊಂಡು ಹೋಗುವ ಗುಮಾಸ್ತ, ತಾನು ಎಂದೂ ನೋಡದ ಬರದ ಊರಿನ ಕೂಲಿಗಾಗಿ ತನ್ನ ಪಾಲು ಕೊಡಲು ಶುರುಮಾಡಿದ. ಯಾರೂ ಅವನನ್ನು ಧರ್ಮಾತ್ಮ ಅನ್ನಲಿಲ್ಲ, ಕೂಲಿಯವಳೂ ಕೈಮುಗಿಯಬೇಕಾಗಿರಲಿಲ್ಲ. ಸಿಂಗರ್ ಕೇಳಿದ್ದ ಪ್ರಶ್ನೆಗೆ ಒಂದು ಉತ್ತರ ನಮ್ಮ ಸಂಬಳದ ಚೀಟಿಯಲ್ಲೇ ಅಚ್ಚಾಗಿತ್ತು. ದೇಶದ ಗಡಿ ದಾಟಿ ಇಂಥ ಸಾಲೊಂದು ಇರಬೇಕೇ, ಇದ್ದರೆ ವಸೂಲಿ ಮಾಡೋದು ಯಾರು? ಎಂ.ಎ. ತರಗತಿಯಲ್ಲಿ ಚರ್ಚೆಯಾಗೋದು ಇದೇ.

ಪೋಗೆಯ ಪ್ರಶ್ನೆಗೂ ಇಲ್ಲಿ ಜಾಗ ಇದೆ. ಖಾಡಿ ದಾಟಿ ನವಿ ಮುಂಬಯಿಗೆ ಬನ್ನಿ. 1970ರ ಮಾರ್ಚ್ 17ಕ್ಕೆ ಸಿಡ್ಕೊ ಸ್ಥಾಪನೆಯಾಯಿತು. ಠಾಣೆ, ಪನ್ವೇಲ್, ಉರಣ್ ತಾಲೂಕುಗಳ 95 ಹಳ್ಳಿಗಳ ಭೂಮಿ ಹೊಸ ನಗರಕ್ಕೆ ಬೇಕಾಯಿತು. ಆಗ್ರಿ, ಕೋಳಿ ಸಮುದಾಯದವರ ಭತ್ತದ ಗದ್ದೆ, ಉಪ್ಪಿನ ಗದ್ದೆ, ಮೀನುಗಾರಿಕೆಯ ಖಾಡಿ ಎಲ್ಲ ಹೋಯಿತು. ಸರಿಯಾದ ಬೆಲೆ ಕೇಳಿ ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ರೈತರು ಎದ್ದರು. 1984ರ ಜನವರಿ 16 ಮತ್ತು 17ರಂದು ಉರಣ್‌ನ ಜಾಸಯಿ ಸುತ್ತಮುತ್ತ ಪೊಲೀಸ್ ಗೋಲಿಬಾರಿಗೆ ಐದು ಜನ ಬಲಿಯಾದರು. ಆ ಹೋರಾಟದ ಫಲವೇ, ಭೂಮಿ ಕೊಟ್ಟವರಿಗೆ ಅದರ ಶೇ. 12.5ರಷ್ಟು ಅಭಿವೃದ್ಧಿಪಡಿಸಿದ ಜಾಗ ಹಿಂದಿರುಗಿಸುವ ಯೋಜನೆ. ವಾಶಿ, ನೆರೂಳ್, ಖಾರ್‌ಘರ್‌ನಲ್ಲಿ ಫ್ಲ್ಯಾಟ್ ಕೊಂಡ ನಾವು ಯಾರ ಮನೆಗೂ ಬೆಂಕಿ ಇಟ್ಟವರಲ್ಲ, ನಿಜ. ಆದರೂ ನಮ್ಮ ಬಾಲ್ಕನಿ ಯಾರ ಗದ್ದೆಯ ಮೇಲೆ ನಿಂತಿದೆ ಅಂತ ಕೇಳಿಕೊಳ್ಳಬೇಕಲ್ಲ?

ಇನ್ನು ಓದುವ ದಾರಿಯ ಮಾತು. ದುಡಿಯುತ್ತಾ ಓದೋದು ನಮಗೆ ಹೊಸತೇನಲ್ಲ. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಲೇ ಎಸ್ಸೆಸ್ಸಿ ಮುಗಿಸಿದರು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆ, ಇವುಗಳಿಂದ ಹೊರಬಂದವರು ವಕೀಲರಾದರು, ಬ್ಯಾಂಕಿನವರಾದರು, ಹೋಟೆಲ್ ಮಾಲಕರಾದರು. ಮುಂದೆ ಅಂಚೆಯ ಕಾಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ, ಮುಂಬಯಿ ವಿಶ್ವವಿದ್ಯಾಲಯ 1971ರಲ್ಲಿ ಅಂಚೆ ಶಿಕ್ಷಣ ಆರಂಭಿಸಿದವು. ನಾನೂ ಅಂಚೆಯಲ್ಲಿ ಓದಿದವನೇ. ಪಾಠದ ಕಟ್ಟು ಬಂದ ದಿನ ಚಾಳಿನ ನಾಲ್ಕು ಮನೆಯವರು ಬಿಚ್ಚಿ ನೋಡ್ತಿದ್ದರು. ದಕ್ಷಿಣ ಆಫ್ರಿಕದಲ್ಲಿ ನೆಲ್ಸನ್ ಮಂಡೇಲಾ ಕೂಡ ಸೆರೆಯಲ್ಲಿದ್ದೇ ಅಂಚೆ ಮೂಲಕ ಓದಿ 1989ರಲ್ಲಿ ಕಾನೂನು ಪದವಿ ಮುಗಿಸಿದರು.

ಈಗ ಅಂಚೆಯ ಜಾಗಕ್ಕೆ ಫೋನು ಬಂದಿದೆ. ಮಾನ್ಯತೆ ಇರುವ ಸಂಸ್ಥೆಯ ಆನ್‌ಲೈನ್ ಪದವಿ ಸಾಮಾನ್ಯ ಪದವಿಗೆ ಸಮ ಅಂತ ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ತನ್ನ ಒಪ್ಪಿಗೆ ಇಲ್ಲದ ವಿದೇಶಿ ಸಂಸ್ಥೆಗಳ ಜತೆ ಸೇರಿ ಇಲ್ಲಿನ ಕಂಪನಿಗಳು ಮಾರುವ ಆನ್‌ಲೈನ್ ಪದವಿಗಳಿಗೆ ಮಾನ್ಯತೆ ಇಲ್ಲ ಅಂತ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಿಯೂ ಇದೆ. ಹಣ ಕಟ್ಟುವ ಮೊದಲು ಯುಜಿಸಿಯ ಪಟ್ಟಿಯಲ್ಲಿ ಹೆಸರು ನೋಡಿ. ಸರ್ಕಾರಿ ಕೆಲಸಕ್ಕೋ ಪಿಎಚ್‌.ಡಿ.ಗೋ ಹೋಗುವ ಆಸೆ ಇದ್ದರೆ ಇದು ಬಹಳ ಮುಖ್ಯ. ಶುಲ್ಕ ಪೌಂಡು, ಡಾಲರಿನಲ್ಲಿದ್ದರೆ ಕೋರ್ಸ್ ಮುಗಿಯುವ ಹೊತ್ತಿಗೆ ಎಷ್ಟು ರೂಪಾಯಿ ಆದೀತು ಅಂತಲೂ ಲೆಕ್ಕ ಹಾಕಿ. ದೂರದ ಬಡವರ ಬಗ್ಗೆ ಓದಲಿಕ್ಕೆ ಮನೆಯವರನ್ನು ಸಾಲದಲ್ಲಿ ಕೂರಿಸೋದು ಬೇಡ.

ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇದು. ಈ ಓದಿನಿಂದ ಕೆಲಸ ಸಿಗಬಹುದು, ಸಿಗದೆಯೂ ಇರಬಹುದು. ಅಮರ್ತ್ಯ ಸೇನ್ 2009ರ ತಮ್ಮ ಪುಸ್ತಕದಲ್ಲಿ ನಮ್ಮದೇ ಎರಡು ಹಳೆ ಪದಗಳನ್ನು ಬೇರ್ಪಡಿಸುತ್ತಾರೆ: ನೀತಿ ಅಂದರೆ ಕಾಗದದ ಮೇಲಿನ ನಿಯಮ, ನ್ಯಾಯ ಅಂದರೆ ಜನರ ಬದುಕಿನಲ್ಲಿ ನಿಜಕ್ಕೂ ಆಗೋದು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯ ತಪ್ಪಿಸೋದೇ ಮೊದಲ ಕೆಲಸ. ಉದ್ಯೋಗ ಖಾತರಿಯೂ ನೀತಿಯಾಗಿ ಬಂತು, ಎಷ್ಟೋ ಊರಿನಲ್ಲಿ ಕೂಲಿ ತಡವಾಗಿ ಸಿಕ್ಕಿತು. ಶೇ. 12.5ರ ಜಾಗಕ್ಕಾಗಿ ಎಷ್ಟೋ ಕುಟುಂಬಗಳು ವರ್ಷಗಟ್ಟಲೆ ಅಲೆದವು. ಆ ಅಂತರ ಅಳೆಯಲು ಕಲಿತವರು ನಮ್ಮಲ್ಲಿ ಬೇಕು. ಮಗಳು ಓದಲಿ. ಓದುತ್ತಾ ಇರುವಾಗ ಒಂದು ಭಾನುವಾರ ಜಾಸಯಿಗೂ ಹೋಗಿಬರಲಿ.

ಮುಂದಿನ ಮಾತಿನಲ್ಲಿ ಮುಂಬಯಿಯ ರಾತ್ರಿ ಶಾಲೆಗಳ ಕಥೆಯನ್ನೇ ವಿವರವಾಗಿ ನೋಡೋಣ.